ಮೂರನೇ ತಿರುವಿಗೆ ಮುನ್ನ

ಸೊರೆಲ್ ಗ್ಯಾಪ್, ಉತ್ತರ ಕೆರೊಲಿನಾ
೯ ಫೆಬ್ರವರಿ ೧೯೯೮

ಮಿಸ್ಟರ್ ಓಡೆಲ್ ಮೇಬ್ರಿ ಅವರಿಗೆ,

ಲಕೋಟೆಯ ಮೇಲೆ ನನ್ನ ಹೆಸರು ನೋಡಿಯೂ ಇದನ್ನು ಒಲೆಗೆ ಹಾಕದೆ ಓದುತ್ತಿದ್ದರೆ ದೊಡ್ಡ ಉಪಕಾರ. ಬರುವ ಆಗಸ್ಟಿಗೆ ನಾವು ಮಾತು ಬಿಟ್ಟು ಹತ್ತೊಂಬತ್ತು ವರ್ಷ. ಇಷ್ಟು ದಿನ ಇಲ್ಲದವನು ಈಗ ಕಾಗದ ಬರೆಯುತ್ತಿದ್ದಾನೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದುಕೊಳ್ಳುತ್ತೀರಿ. ಹೌದು, ಕೆಲಸವೇ ಬಿದ್ದಿದೆ. ಸುತ್ತಿ ಬಳಸಿ ಹೇಳುವುದು ನನಗೆ ಆಗಲೂ ಬರುತ್ತಿರಲಿಲ್ಲ.

ನನ್ನ ವರ್ಲಿ ಅತ್ತೆ ಹೋದ ವರ್ಷ ತೀರಿಕೊಂಡಳು. ಅವಳ ಹೊಗೆಸೊಪ್ಪಿನ ಹೊಲ, ಅರವತ್ತೆರಡು ಎಕರೆ, ನನ್ನ ಪಾಲಿಗೆ ಬಂದಿದೆ. ಅದರಲ್ಲಿ ನಾನು ಸ್ಟಾಕ್ ಕಾರ್ ರೇಸಿನ ಟ್ರ್ಯಾಕು ಮಾಡುತ್ತಿದ್ದೇನೆ. ನಗಬೇಡಿ. ನಾವಿಬ್ಬರೂ ಶನಿವಾರ ರೇಸು ಮುಗಿಸಿ ಬಾನೆಟ್ ಮೇಲೆ ಕೂತು, ಬೇಯಿಸಿದ ಕಡಲೆಕಾಯಿ ಸುಲಿಯುತ್ತ, ಅದರ ಪೊಟ್ಟಣದ ಮೇಲೆಯೇ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ ಟ್ರ್ಯಾಕಿದೆಯಲ್ಲ, ಅದೇ. ಅರ್ಧ ಮೈಲಿಗೆ ಸ್ವಲ್ಪ ಕಡಿಮೆ ಸುತ್ತು. ತಿರುವಿನಲ್ಲಿ ಮೂರು ಕಾರು ಪಕ್ಕಪಕ್ಕಕ್ಕೆ ಹೋಗುವಷ್ಟು ಅಗಲ. ಹೆಂಗಸರ ಶೌಚಾಲಯಕ್ಕೆ ಚಿಲಕವಿರುವ ಬಾಗಿಲು. ಗೇಟಿನ ಬಳಿ ಅತ್ತೆಯ ಹೊಗೆಸೊಪ್ಪಿನ ಕೊಟ್ಟಿಗೆ ಇದೆ, ಟಿಕೆಟ್ ಅಲ್ಲಿಂದಲೇ ಕೊಡುವುದು. ಪಕ್ಕದ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯನ್ನೂ ಒಪ್ಪಿಸಿದ್ದೇನೆ. ಬುಧವಾರ ಅವರ ಪ್ರಾರ್ಥನೆ, ಶನಿವಾರ ನಮ್ಮದು.

ಮಗಳು ಟ್ರೀವಾ ಈಗ ಸರ್ವೇಯರ್. ನೀವು ಕೊನೆಗೆ ನೋಡಿದಾಗ ಮುಂದಿನ ಹಲ್ಲು ಬಿದ್ದಿದ್ದ ಹುಡುಗಿ. ಜನವರಿಯಲ್ಲಿ ನಾವಿಬ್ಬರೂ ಸೇರಿ ಗೂಟ ಹೊಡೆದೆವು. ನೀವೂ ನಾನೂ ರೇಸು ಓಡಿಸುತ್ತಿದ್ದ ಮಾರ್ಲರ್ಸ್ ಫೋರ್ಡ್ ಊರಿನ ಹಳೆಯ ಟ್ರ್ಯಾಕಿನ ದಿಕ್ಕು, ಅಳತೆ ಎಲ್ಲವನ್ನೂ ಕೂದಲೆಳೆಯಷ್ಟೂ ತಪ್ಪದಂತೆ ತೆಗೆದು ಇಲ್ಲಿ ಇಳಿಸಿದ್ದೇವೆ. ಒಂದು ಶನಿವಾರವನ್ನು ಬಿಟ್ಟರೆ ನಾನು ಅಷ್ಟು ಸುಖವಾಗಿದ್ದ ಜಾಗ ಇನ್ನೊಂದಿಲ್ಲ.

ಕೆಂಪು ಮಣ್ಣಿನ ಹೊರ ಅಂಚನ್ನು ಎತ್ತರಿಸಿ ವಾಟ ಕೊಟ್ಟು ತಿರುವು ಕಟ್ಟುವ ಕೈ ಈ ಎರಡು ರಾಜ್ಯಗಳಲ್ಲಿ ನಿಮ್ಮದೊಂದೇ. ಬಂದು ಜಾಗ ನೋಡುತ್ತೀರಾ? ಆ ಶನಿವಾರದ ಬಗ್ಗೆ ನಾನು ಕೇಳುವುದಿಲ್ಲ. ನೀವೂ ಹೇಳುವುದು ಬೇಡ.

ಇಂತಿ,
ಹಾಯ್ಟ್ ಬ್ರಾನಕ್


ಫ್ಲಿಂಟ್ ಬ್ರಾಂಚ್, ವರ್ಜೀನಿಯಾ
೨೦ ಫೆಬ್ರವರಿ

ಹಾಯ್ಟ್,

ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ. ನಮ್ಮ ಜೂಲಕ್ಕನ ಮನೆಯಲ್ಲಿರುವುದು ಕರೆಂಟಿನ ಒಲೆ. ನನ್ನನ್ನು ಮಿಸ್ಟರ್ ಎಂದು ಕರೆದವರು ಈವರೆಗೆ ಇಬ್ಬರೇ, ಒಬ್ಬ ನ್ಯಾಯಾಧೀಶ, ಇನ್ನೊಬ್ಬ ಹಲ್ಲಿನ ಡಾಕ್ಟರು. ಇಬ್ಬರೂ ನೋಯಿಸಿಯೇ ಕಳಿಸಿದರು. ನೀನು ಮೂರನೆಯವನಾಗಬೇಡ.

ಹೆದ್ದಾರಿ ಇಲಾಖೆಯಿಂದ ನಿವೃತ್ತನಾಗಿ ಎರಡು ವರ್ಷವಾಯಿತು, ಆದರೆ ಮಣ್ಣು ಹರವಿ ಮಟ್ಟ ಮಾಡುವ ಗ್ರೇಡರ್ ಯಂತ್ರದ ಮೇಲೆ ಕೂತರೆ ಕೈ ಇನ್ನೂ ಮರೆತಿಲ್ಲ. ಬರುತ್ತೇನೆ. ನೀನು ಊರಲ್ಲಿಲ್ಲದ ದಿನ ಯಾವುದು ತಿಳಿಸು. ಮುಖ ನೋಡಿ ನಿಂತರೆ ಇಬ್ಬರಿಗೂ ಕಷ್ಟ, ಕೆಲಸ ಕೆಡುತ್ತದೆ.

ಅಷ್ಟರಲ್ಲಿ ಮೂರು ವಿಷಯ ಬರೆದು ಕಳಿಸು. ಮಳೆ ಬಂದರೆ ಆ ಹೊಲದ ನೀರು ಯಾವ ಕಡೆ ಹರಿಯುತ್ತದೆ? ಪಡುವಣಕ್ಕೆ ಏನಿದೆ, ಬಯಲೋ ಮರವೋ? ಸಂಜೆ ಮೊದಲ ರೇಸು ಎಷ್ಟು ಗಂಟೆಗೆ ಬಿಡುತ್ತೀಯ?

ಓಡೆಲ್


ಸೊರೆಲ್ ಗ್ಯಾಪ್
೧೬ ಮಾರ್ಚ್

ಓಡೆಲ್,

ಇನ್ನು ನಿನಗೆ ಮಿಸ್ಟರ್ ಅನ್ನುವುದಿಲ್ಲ, ಆ ಮರ್ಯಾದೆ ಮುಗಿಯಿತು.

ನಿನ್ನ ಮೂರು ಪ್ರಶ್ನೆಗೂ ಉತ್ತರ ಬರೆದು, ಹನ್ನೆರಡನೇ ತಾರೀಕು ನಾನು ಸೊಂಟದ ಡಾಕ್ಟರ ಹತ್ತಿರ ಹೋಗುತ್ತೇನೆಂದು ತಿಳಿಸಿದ್ದೆ. ಬಾ, ನೋಡು, ಅಭಿಪ್ರಾಯ ಹೇಳು ಎಂದಿದ್ದೆ. ಮನೆಗೆ ಬಂದು ನೋಡಿದರೆ ನನ್ನ ನಲವತ್ತೆಂಟು ಗೂಟಗಳಲ್ಲಿ ಒಂದೂ ಇದ್ದ ಜಾಗದಲ್ಲಿಲ್ಲ! ಇಡೀ ಟ್ರ್ಯಾಕನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಹೊಡೆದು ಹೋಗಿದ್ದೀಯ. ಟ್ರೀವಾಳನ್ನು ಕೇಳಿದೆ.

"ಬಂದ್ರು, ಅಪ್ಪ. ಸೂರ್ಯ ಇಳಿಯೋ ತನಕ ಹೊಲದ ಮಧ್ಯ ಕೈಕಟ್ಕೊಂಡು ನಿಂತಿದ್ರು. ಆಮೇಲೆ ಗೂಟ ಕೀಳೋಕೆ ಶುರು ಮಾಡಿದ್ರು" ಅಂದಳು.

"ನೀನು ಸುಮ್ನೆ ನೋಡ್ತಾ ನಿಂತಿದ್ಯಾ?"

"ಇಲ್ಲಪ್ಪ, ಸುತ್ತಿಗೆ ನಾನೇ ತಂದ್ಕೊಟ್ಟೆ."

ಮಗಳೂ ನಿನ್ನ ಕಡೆಗೇ. ಈಗ ನಿನ್ನ ಗೂಟದ ಪ್ರಕಾರ ಪ್ರೇಕ್ಷಕರ ಮೆಟ್ಟಿಲು ಪಡುವಣಕ್ಕೆ ಬೆನ್ನು ಹಾಕಿ ಕೂರುತ್ತದೆ. ಚೆಂದದ ಬೆಟ್ಟದ ಸಾಲು ಒಬ್ಬರಿಗೂ ಕಾಣುವುದಿಲ್ಲ. ಮೇಲಾಗಿ ಅತ್ತೆಯ ಕೊಟ್ಟಿಗೆಯನ್ನು ಕೆಡವಬೇಕು. ಯಾಕೆ ಎಂದು ಒಂದು ಚೀಟಿಯನ್ನಾದರೂ ಬರೆದಿಟ್ಟಿದ್ದೀಯಾ? ಇಲ್ಲ.

ಕೇಳುವುದಿಲ್ಲ ಎಂದಿದ್ದೆ. ಕೇಳುವುದಿಲ್ಲ, ಆದರೆ ಹೇಳುತ್ತೇನೆ. ೧೯೭೯, ಆಗಸ್ಟ್ ಹನ್ನೊಂದು. ಆ ವರ್ಷದ ಪಟ್ಟಕ್ಕೆ ಇನ್ನೆರಡೇ ಶನಿವಾರ ಬಾಕಿ. ಅಂಕದಲ್ಲಿ ನಾನು ಒಂದನೆಯವನು, ನೀನು ಎರಡನೆಯವನು. ಕಾರು ಸ್ವಲ್ಪ ಜಾರುತ್ತಿದೆ ಎಂದು ಮೂರನೇ ತಿರುವಿಗೆ ಮುನ್ನ ನಾನು ಆಕ್ಸಿಲರೇಟರಿನಿಂದ ಕಾಲೆತ್ತಿದೆ. ಹಿಂದಿದ್ದ ನೀನು ಎತ್ತಲಿಲ್ಲ. ಕಾರು ಮೂರು ಪಲ್ಟಿ ಹೊಡೆಯಿತು, ನನ್ನ ಸೊಂಟ ಪುಡಿಯಾಯಿತು, ಆಮೇಲೆ ನಾನು ಯಾವತ್ತೂ ರೇಸಿಗೆ ಕೂರಲಿಲ್ಲ. ಓಡೆಲ್ ಬೇಕೆಂತಲೇ ಗುದ್ದಿದ ಎಂದು ಮೆಟ್ಟಿಲ ಮೇಲಿದ್ದ ಸಾವಿರ ಜನ ಹೇಳಿದರು. ಅಲ್ಲ ಎಂದು ನೀನೊಬ್ಬನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಒಮ್ಮೆ ನನ್ನ ಕಾರನ್ನು ಕೆಡವಿದೆ. ಈಗ ನನ್ನ ಟ್ರ್ಯಾಕನ್ನೂ ಕೆಡವಲು ಬಂದಿದ್ದೀಯಾ?

ಹಾಯ್ಟ್


ಫ್ಲಿಂಟ್ ಬ್ರಾಂಚ್
೨೪ ಮಾರ್ಚ್ (ಅಂಚೆ ಕಾರ್ಡು)

ಹಾಯ್ಟ್, ಗೂಟಗಳು ಈಗ ಇರುವಲ್ಲೇ ಇರಲಿ. ಒಂದನೇ ತಿರುವಿನ ಹೊರಗೆ ಚರಂಡಿ ತೋಡಿಸು, ಇಲ್ಲದಿದ್ದರೆ ಒಂದೇ ಮಳೆಗೆ ಕೆಸರುಗದ್ದೆ. ಪಡುವಣದ ಪೈನ್ ಮರಗಳನ್ನು ಮುಟ್ಟಬೇಡ, ಒಂದನ್ನೂ ಕಡಿಯಬೇಡ. ಕೊಟ್ಟಿಗೆಯನ್ನು ಬಿಚ್ಚಿ ಹಲಗೆ ಇಟ್ಟುಕೋ, ಬೇರೆ ಕಡೆ ಕಟ್ಟಿಕೊಡುತ್ತೇನೆ. ಕಾರಣ ಕೇಳಬೇಡ. ಓ.


ಸೊರೆಲ್ ಗ್ಯಾಪ್
೬ ಏಪ್ರಿಲ್

ಓಡೆಲ್ ಮಾಮನಿಗೆ,

ನಾನು ಟ್ರೀವಾ. ಅಪ್ಪನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ತಿಳಿದರೆ ಎರಡು ದಿನ ಮಾತು ಬಿಡುತ್ತಾನೆ, ಅಷ್ಟೇ.

ನಿಮ್ಮ ಕಾರ್ಡು ಬಂದ ದಿನ ಅಪ್ಪ ಅದನ್ನು ಹರಿದು ಹಾಕಿದ. ಸಂಜೆ ತುಂಡುಗಳನ್ನು ಆಯ್ದು, ಅಂಟಿಸಿ, ಚರಂಡಿ ಎಲ್ಲಿ ಎಂದು ಓದಿಕೊಂಡ. ಚರಂಡಿ ತೋಡಿಸಿದ್ದೂ ಆಯಿತು. ಗೂಟ ಮಾತ್ರ ಅವನ ಗಂಟಲಲ್ಲಿ ಸಿಕ್ಕಿಕೊಂಡಿದೆ. ದಿನಾ ಊಟ ಮುಗಿಸಿ ಕೋಲು ಊರಿಕೊಂಡು ಹೋಗಿ ಅವುಗಳ ಮುಂದೆ ನಿಲ್ಲುತ್ತಾನೆ. ಕೀಳುವುದಿಲ್ಲ, ಕಾಲಲ್ಲಿ ಒದ್ದು ಬರುತ್ತಾನೆ.

ಮೇ ನಾಲ್ಕು, ಸೋಮವಾರ, ಕೌಂಟಿ ಮಂಡಳಿಯ ಮುಂದೆ ನಕ್ಷೆ ಇಡಬೇಕು. ಒಮ್ಮೆ ಅವರ ಮೊಹರು ಬಿದ್ದರೆ ದಿಕ್ಕು ಬದಲಿಸಲು ಬರುವುದಿಲ್ಲ. ನಿನ್ನೆ ಕೇಳಿದೆ, "ಅಪ್ಪ, ಯಾವ ನಕ್ಷೆ ಕೊಡ್ಲಿ? ನಿನ್ನದಾ, ಮಾಮಂದಾ?"

"ನಂದೇ. ಯಾಕೆ ಅಂತ ಹೇಳೋ ಯೋಗ್ಯತೆ ಇಲ್ದವ್ನ ಗೂಟ ನಂಗ್ಯಾಕೆ?"

"ಅವ್ರು ಹೇಳಿದ್ರೆ?"

"ಹೇಳೋನಾಗಿದ್ರೆ ಆಸ್ಪತ್ರೇಲೇ ಹೇಳ್ತಿದ್ದ" ಅಂದು ಎದ್ದುಹೋದ.

ಮಾಮ, ನಾನು ನಿಮ್ಮ ಗೂಟಗಳನ್ನು ಅಳೆದು ನೋಡಿದೆ. ಅದು ಮನಸ್ಸಿಗೆ ಬಂದಂತೆ ಹೊಡೆದದ್ದಲ್ಲ. ಯಾಕಿರಬಹುದು ಎಂದು ನನಗೊಂದು ಅನುಮಾನವಿದೆ. ಆದರೆ ಅದನ್ನು ಅಪ್ಪನಿಗೆ ಹೇಳಬೇಕಾದವಳು ನಾನಲ್ಲ. ದಯವಿಟ್ಟು ನೀವೇ ಬರೆಯಿರಿ. ಅವನ ಅರ್ಧ ಸಿಟ್ಟು ಸೊಂಟದ್ದಲ್ಲ. ಅಪ್ಪನಿಗೆ ನಿಮ್ಮ ನಂತರ ಸ್ನೇಹಿತ ಅಂತ ಇನ್ನೊಬ್ಬ ಸಿಗಲೇ ಇಲ್ಲ.

ನಿಮ್ಮ,
ಟ್ರೀವಾ


ಫ್ಲಿಂಟ್ ಬ್ರಾಂಚ್
೧೯ ಏಪ್ರಿಲ್

ಹಾಯ್ಟ್,

ಹದಿಮೂರು ದಿನದಲ್ಲಿ ಇದು ಐದನೇ ಕಾಗದ. ಮೊದಲ ನಾಲ್ಕು ಕಸದ ಬುಟ್ಟಿಯಲ್ಲಿವೆ. ಇದನ್ನು ಮುಗಿಸಿದ ಕೂಡಲೇ ಅಂಚೆಗೆ ಹಾಕಿ ಬರುತ್ತೇನೆ, ಇಲ್ಲದಿದ್ದರೆ ಇದೂ ಅಲ್ಲಿಗೇ ಹೋಗುತ್ತದೆ.

ಮಾರ್ಲರ್ಸ್ ಫೋರ್ಡಿನ ಆ ಬಿಸಿಲು ಟೋಪಿ ನಿನಗೆ ನೆನಪಿರಲೇಬೇಕು. ಅಜ್ಜಿಯರು ತೋಟದಲ್ಲಿ ಹಾಕಿಕೊಳ್ಳುವ ಹೂವಿನ ಬಟ್ಟೆಯ ಟೋಪಿ, ಗದ್ದದ ಕೆಳಗೆ ಗಂಟು. ಸೋತವನು ಯಾರಾದರೂ ಬಂದು "ಕಣ್ಣಿಗೆ ಬಿಸಿಲು ಹೊಡೀತು" ಎಂದರೆ ಮುಗಿಯಿತು. ಮುಂದಿನ ಶನಿವಾರ ಆ ಟೋಪಿ ಕಟ್ಟಿಕೊಂಡು ಒಂದು ಸುತ್ತು ಮೆರವಣಿಗೆ ಹೋಗಬೇಕು. ಮೈಕಿನಲ್ಲಿ ಕೂಗುವವನು "ಅಜ್ಜಿ ಬಂದ್ಳು, ದಾರಿ ಬಿಡಿ!" ಎಂದರೆ ಮೆಟ್ಟಿಲೆಲ್ಲ ಹೋ ಎಂದು ಎದ್ದು ನಿಲ್ಲುತ್ತಿತ್ತು. ಆ ಟೋಪಿಯನ್ನು ಕೊಂಡು ತಂದವನು ನಾನೇ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೂ ನಾನೇ.

ಹಾಯ್ಟ್, ಆವತ್ತು ನನಗೆ ಕಣ್ಣು ಕಾಣಲಿಲ್ಲ. ಹಿಂದಿನ ನೇರ ದಾರಿಯ ಕೊನೆಯಲ್ಲಿ ಸೂರ್ಯ ಸರಿಯಾಗಿ ಮೂರನೇ ತಿರುವಿನ ಮೇಲೆ ಕೂತಿದ್ದ. ನಿನ್ನ ಕಾರು ಇತ್ತು, ಆಮೇಲೆ ಇರಲಿಲ್ಲ, ಆಮೇಲೆ ಸದ್ದು.

ನನ್ನ ಕಣ್ಣಿಗೆ ಯಾಕೆ ಆ ಬಿಸಿಲು ಹೊಡೆಯಲಿಲ್ಲ ಎಂದು ನೀನು ಕೇಳಬಹುದು. ನೀನು ಐದಡಿ ನಾಲ್ಕಂಗುಲ. ಗಾಜಿನ ಮೇಲಂಚಿಗೆ ನಾವೆಲ್ಲ ಅಂಟಿಸುತ್ತಿದ್ದ ಕಪ್ಪು ಟೇಪಿನ ಕೆಳಗೆ ನಿನ್ನ ಕಣ್ಣು ನೆರಳಲ್ಲಿರುತ್ತಿತ್ತು. ನಾನು ಆರಡಿ ಮೂರಂಗುಲ. ಆ ಟೇಪು ನನ್ನ ಮೂಗಿಗೆ ಬರುತ್ತಿತ್ತು, ಅದಕ್ಕೇ ಕಿತ್ತು ಹಾಕಿದ್ದೆ.

ಆಸ್ಪತ್ರೆಗೆ ಮೂರನೇ ದಿನ ಬಂದೆ. ನೀನು ಗೋಡೆಯ ಕಡೆ ತಿರುಗಿ "ಬೇಕೂಂತ್ಲೇ ಮಾಡ್ದೆ ಅಲ್ವಾ?" ಅಂದೆ. ಬಾಯಿ ತೆರೆದೆ. ಹೇಳಲು ಇದ್ದದ್ದು ಒಂದೇ ಮಾತು, ಅದೂ ಆ ಟೋಪಿಯ ಮಾತು. ನಿನ್ನ ಸೊಂಟ ಮುರಿದು ಕಾಲು ಹಗ್ಗದಲ್ಲಿ ನೇತಾಡುತ್ತಿರುವಾಗ ಊರೆಲ್ಲ ನಗುವ ನೆಪವನ್ನು ನಿನ್ನ ಮುಂದೆ ಇಡಬೇಕಿತ್ತೇ? ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಆ ವಾರವೇ ಕಾರು ಮಾರಿದೆ. ಆಮೇಲೆ ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು.

ಈಗ ನಿನ್ನ ಟ್ರ್ಯಾಕು. ನೀನು ಗೂಟ ಹೊಡೆದದ್ದು ಜನವರಿಯಲ್ಲಿ. ಜನವರಿಯ ಸೂರ್ಯ ಬೇಗ, ತೆಂಕಣಕ್ಕೆ ಸರಿದು, ಚರ್ಚಿನ ಹಿಂದೆ ಇಳಿದುಹೋಗುತ್ತಾನೆ, ಯಾರಿಗೂ ತೊಂದರೆಯಿಲ್ಲ. ಆದರೆ ನಾವು ಜನವರಿಯಲ್ಲಿ ರೇಸು ಓಡಿಸುವುದಿಲ್ಲವಲ್ಲೋ ಮಾರಾಯ! ಬೇಸಿಗೆಯಲ್ಲಿ ಅವನು ಬಡಗಣಕ್ಕೆ ಜರುಗುತ್ತಾನೆ. ನೀನು ರೇಸು ಬಿಡುವ ಏಳೂವರೆಗೆ ಸರಿಯಾಗಿ ನಿನ್ನ ಹಿಂದಿನ ನೇರ ದಾರಿಯ ತುದಿಯಲ್ಲಿ ಬಂದು ನಿಲ್ಲುತ್ತಾನೆ. ಮಾರ್ಲರ್ಸ್ ಫೋರ್ಡನ್ನು ಕೂದಲೆಳೆಯಷ್ಟೂ ತಪ್ಪದಂತೆ ಇಳಿಸಿದ್ದೇನೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿಯೇ ಪಡುವಣಕ್ಕೆ ಏನಿದೆ, ರೇಸು ಎಷ್ಟು ಗಂಟೆಗೆ ಎಂದು ಕೇಳಿದ್ದು. ನನ್ನ ಗೂಟದಂತೆ ಮಾಡಿದರೆ ನೇರ ದಾರಿಯಲ್ಲಿ ಬಿಸಿಲು ಪಕ್ಕದಿಂದ ಬರುತ್ತದೆ. ತಿರುವಿನಲ್ಲಿ ಪಡುವಣಕ್ಕೆ ಮುಖ ಹೊರಳಿದಾಗ ಪೈನ್ ಮರಗಳು ಅಡ್ಡ ಇರುತ್ತವೆ. ಮೆಟ್ಟಿಲ ಮೇಲೆ ಕೂತವರ ಬೆನ್ನಿಗೆ ಬಿಸಿಲು.

ನನ್ನ ಮಾತನ್ನು ನಂಬುವುದು ಬಿಡುವುದು ನಿನ್ನಿಷ್ಟ. ಆ ಟ್ರ್ಯಾಕಿನಲ್ಲಿ ಇನ್ನೊಬ್ಬ ಇನ್ನೊಬ್ಬನನ್ನು ಗುದ್ದುವುದು ಬೇಡ. ಗೂಟ ಕೀಳಬೇಡ.

ಓಡೆಲ್


ಸೊರೆಲ್ ಗ್ಯಾಪ್
೨ ಮೇ

ಓಡೆಲ್,

ನಿಜ ಹೇಳುತ್ತೇನೆ, ನಿನ್ನ ಕಾಗದ ಓದಿ ನನಗೆ ಮೊದಲು ಬಂದದ್ದು ಸಿಟ್ಟು. ಹತ್ತೊಂಬತ್ತು ವರ್ಷ ಕಾಯಿಸಿ ಕೊಟ್ಟದ್ದು ಆ ಟೋಪಿಯ ನೆಪವೇ ಎಂದು ಕೂಗಾಡಿದೆ. ಕೊನೆಗೆ ಟ್ರೀವಾ, "ಅಪ್ಪ, ಸುಳ್ಳೋ ನಿಜವೋ ನೋಡೇಬಿಡೋಣ. ಆಗಸ್ಟ್ ಹನ್ನೊಂದರ ಬಿಸಿಲು ಬೇಕು ಅಂದ್ರೆ ಆಗಸ್ಟ್ ತನಕ ಕಾಯ್ಬೇಕಾಗಿಲ್ಲ. ಮೇ ಒಂದಕ್ಕೂ ಸೂರ್ಯ ಅಲ್ಲೇ ಇಳಿಯೋದು" ಅಂದಳು. ಸರ್ವೆಯವರಿಗೆ ಇದೆಲ್ಲ ಗೊತ್ತಿರುತ್ತದಂತೆ. ದೊಡ್ಡ ಹಗಲಿಗೆ ಎಷ್ಟು ದಿನ ಮುಂಚೆಯೋ ಅಷ್ಟು ದಿನ ಆಮೇಲೆಯೂ ಬಿಸಿಲಿನ ದಾರಿ ಒಂದೇ.

ನಿನ್ನೆ ಸಂಜೆ ಮಾರ್ಲರ್ಸ್ ಫೋರ್ಡಿಗೆ ಹೋದೆವು. ಈಗ ಅದು ದನದ ಹುಲ್ಲುಗಾವಲು. ಡಾಂಬರಿನ ಬಿರುಕಿನಲ್ಲೆಲ್ಲ ಕಳೆ, ಆದರೆ ಸುತ್ತು ಹಾಗೇ ಇದೆ. ಮೂರನೇ ತಿರುವಿನಾಚೆ ಹೊಳೆಯಲ್ಲವೇ, ಅಲ್ಲಿ ಒಂದು ಮರವೂ ಬೆಳೆದಿಲ್ಲ. ಜಮೀನಿನ ಒಡತಿ "ಹೋಗಿ ಬನ್ನಿ, ನನ್ನ ಹಸೂಗೆ ಮಾತ್ರ ಗುದ್ದಬೇಡಿ" ಎಂದು ಗೇಟು ತೆರೆದಳು.

ಟ್ರೀವಾ ನನ್ನ ಪಿಕಪ್ಪಿನ ಸೀಟಿನ ಮೇಲೆ ಕೋಳಿ ಮೇವಿನ ಮೂಟೆ ಇಟ್ಟು ನನ್ನನ್ನು ಅದರ ಮೇಲೆ ಕೂರಿಸಿದಳು. ಟೇಪು ಹಿಡಿದು ಅಳೆದು, "ಈಗ ನೀನು ಓಡೆಲ್ ಮಾಮ" ಅಂದಳು. ನನ್ನ ಕಾರು ನಿಧಾನವಾದ ಜಾಗ ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಅಲ್ಲಿ ಒಂದು ಖಾಲಿ ಎಣ್ಣೆ ಡ್ರಮ್ಮು ನಿಲ್ಲಿಸಿ, ಅದಕ್ಕೆ ಕೆಂಪು ಬಟ್ಟೆ ಕಟ್ಟಿ, ತಾನು ಹೋಗಿ ಬೇಲಿಯಾಚೆ ನಿಂತಳು.

ಮೊದಲ ಎರಡು ಸುತ್ತು ನಿಧಾನಕ್ಕೆ ಹೋದೆ. ಸೊಂಟ ಅರಚಿತು, ಆದರೆ ಕೈಗೆ ಆ ಟ್ರ್ಯಾಕಿನ ನೆನಪಿತ್ತು. ಮೂರನೇ ಸುತ್ತಿಗೆ ಏಳೂ ಮುಕ್ಕಾಲಾಗಿತ್ತು. ಎರಡನೇ ತಿರುವು ಬಿಟ್ಟು ಹಿಂದಿನ ನೇರ ದಾರಿಗೆ ಬಂದು ಕಾಲು ಒತ್ತಿದೆ. ಡ್ರಮ್ಮು ಕಂಡಿತು. ಕೆಂಪು ಬಟ್ಟೆಯೂ ಕಂಡಿತು. ಇನ್ನೇನು ಹತ್ತಿರ ಬಂದಾಗ ಬ್ರೇಕು ಹಾಕುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಎಲ್ಲ ಬಿಳಿ. ಡ್ರಮ್ಮಿಲ್ಲ, ಬೇಲಿಯಿಲ್ಲ, ಹೊಳೆಯಿಲ್ಲ, ನನ್ನ ಪಿಕಪ್ಪಿನ ಮೂಗೇ ಇಲ್ಲ. ಎಲ್ಲಿ ಬ್ರೇಕು ಹಾಕಬೇಕು ಎಂದು ಯೋಚಿಸುವಷ್ಟರಲ್ಲಿ ಧಡಾರ್ ಎಂದು ಸದ್ದು.

ಓಡೆಲ್, ಅಲ್ಲಿ ಡ್ರಮ್ಮಿದೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ಗುದ್ದಬಾರದು ಎಂದೇ ಹೋಗಿದ್ದೆ. ಆದರೂ ಗುದ್ದಿದೆ.

ಟ್ರೀವಾ ಓಡಿ ಬಂದು ಬಾಗಿಲು ತೆಗೆದಳು. ನಾನು ಕೋಳಿ ಮೇವಿನ ಮೇಲೆ ಕೂತೇ ಇದ್ದೆ. ಅವಳು ಡ್ರಮ್ಮನ್ನು ನೋಡಿದಳು, ನನ್ನನ್ನು ನೋಡಿದಳು. "ಬೇಕೂಂತ್ಲೇ ಗುದ್ದಿದ್ಯಾ ಅಪ್ಪ?" ಅಂದಳು.

ನನಗೆ ನಗು ಬಂತು. ನಗುತ್ತ ನಗುತ್ತ ಅತ್ತುಬಿಟ್ಟೆ, ಮುಚ್ಚುಮರೆ ಯಾಕೆ. ಹಸುಗಳೆಲ್ಲ ಮೇಯುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದವು. ಎಷ್ಟೋ ವರ್ಷದಿಂದ ಎದೆಯ ಮೇಲೆ ಕೂತಿದ್ದವನು ಯಾರೋ ಎದ್ದುಹೋದಂತಾಯಿತು. ರಾತ್ರಿ ಮಾತ್ರೆಯಿಲ್ಲದೆ ಮಲಗಿದೆ, ಬೆಳಗಾದದ್ದೇ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಗೋಡೆಯ ಕಡೆ ತಿರುಗಿದ್ದು ನನ್ನ ತಪ್ಪು. ನಿನ್ನ ಮುಖ ನೋಡಿ ಕೇಳಿದ್ದರೆ ನೀನು ಹೇಳುತ್ತಿದ್ದೆಯೋ ಏನೋ. ನನ್ನನ್ನು ಕ್ಷಮಿಸು.

ಸೋಮವಾರ ಮಂಡಳಿಯ ಮುಂದೆ ಇಡುವುದು ನಿನ್ನ ಗೂಟದ ನಕ್ಷೆ. ಕೊಟ್ಟಿಗೆಯ ಹಲಗೆ ಬಿಚ್ಚುತ್ತಿದ್ದೇನೆ. ನೀನು ಯಾವಾಗ ಬರುತ್ತೀಯ ಹೇಳು, ನಾನು ಮನೆಯಲ್ಲೇ ಇರುತ್ತೇನೆ.

ನಿನ್ನ ಸ್ನೇಹಿತ,
ಹಾಯ್ಟ್


ಫ್ಲಿಂಟ್ ಬ್ರಾಂಚ್
೫ ಮೇ

ಹಾಯ್ಟ್,

ನಿನ್ನೆ ಮಧ್ಯಾಹ್ನ ನಿನ್ನ ಕಾಗದ ಬಂತು. ಸಂಜೆ ಟ್ರೀವಾ ಫೋನು ಮಾಡಿ ಮಂಡಳಿಯ ಮೊಹರು ಬಿತ್ತು ಎಂದಳು. ಐದು ಜನರಲ್ಲಿ ಒಬ್ಬ ಮಾತ್ರ ಬೇಡ ಎಂದನಂತೆ. ಅವನ ಹೆಂಡತಿ ಬಂದು ಟಿಕೆಟು ಕೊಳ್ಳುತ್ತಾಳೆ ಬಿಡು.

ಗುರುವಾರ ಬೆಳಿಗ್ಗೆ ಗ್ರೇಡರ್ ಹೇರಿಕೊಂಡು ಹೊರಡುತ್ತೇನೆ. ಮಣ್ಣು ಇನ್ನೂ ಹಸಿ ಇರುವಾಗಲೇ ತಿರುವುಗಳ ವಾಟ ಎಬ್ಬಿಸಬೇಕು. ಹದಿನಾಲ್ಕು ಡಿಗ್ರಿ ಸಾಕು. ನೀನು ಹದಿನೆಂಟು ಅನ್ನುತ್ತೀಯ, ಗೊತ್ತು, ಜಗಳ ಅಲ್ಲೇ ಆಡೋಣ. ಜೂಲಕ್ಕನೂ ಬರುತ್ತಾಳಂತೆ, ನಿನ್ನ ಅಡುಗೆಮನೆಯ ಸ್ಥಿತಿ ಊಹಿಸಿಕೊಂಡೇ ಎರಡು ಬುಟ್ಟಿ ಕಟ್ಟಿದ್ದಾಳೆ.

ಕ್ಷಮೆ ಕೇಳಬೇಡ. ನೀನು ನನಗೆ ಎಂಥ ಉಪಕಾರ ಮಾಡಿದ್ದೀಯ ಎಂದು ನಿನಗೆ ಗೊತ್ತಾಗಿಲ್ಲ. ನನ್ನ ಹಿಂದಿನ ಕಾಗದ ಇದ್ದರೆ ತೆಗೆದು ನೋಡು. ಕಣ್ಣು ಕಾಣಲಿಲ್ಲ ಎಂದು ಬರೆದಿದ್ದೇನೆ. ಬೇಕೆಂದು ಗುದ್ದಲಿಲ್ಲ ಎಂದು ಎಲ್ಲೂ ಬರೆದಿಲ್ಲ. ಬರೆಯಲು ಆಗಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ. ನಾನು ಎರಡನೆಯವನು, ಇನ್ನೆರಡೇ ಶನಿವಾರ ಬಾಕಿ, ನೀನು ಮುಂದಿದ್ದೀಯ ಎಂದು ನನಗೆ ಗೊತ್ತಿತ್ತು. ಕಣ್ಣು ಕಾಣದಿದ್ದರೂ ಕಾಲಿಗೆ ಗೊತ್ತಿದ್ದಿರಬಹುದಲ್ಲ? ಎತ್ತಬಹುದಾಗಿದ್ದ ಕಾಲನ್ನು ನಾನೇ ಎತ್ತಲಿಲ್ಲವೇನೋ? ಸಾವಿರ ಜನ ಒಂದೇ ಮಾತು ಹೇಳಿದರೆ, ಆ ಸಾವಿರದಲ್ಲಿ ನಾನೂ ಒಬ್ಬನಾಗಿಬಿಟ್ಟೆ. ಇಷ್ಟು ವರ್ಷ ನಿನ್ನ ಮುಂದೆ ಬಾರದಿದ್ದುದಕ್ಕೆ ಟೋಪಿ ಅರ್ಧ ಕಾರಣ. ಇದು ಉಳಿದರ್ಧ.

ಗುದ್ದಲೇಬಾರದು ಎಂದು ಹೋದ ನೀನೂ ಗುದ್ದಿದೆ ಎಂದು ಓದಿದೆ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಜೂಲಕ್ಕ ಕಾಫಿ ತಂದಿಟ್ಟು, ಆರಿದ ಮೇಲೆ ತೆಗೆದುಕೊಂಡೂ ಹೋದಳು.

ಆಸ್ಪತ್ರೆಯಲ್ಲಿ ನೀನು ಕೇಳಿದ್ದಕ್ಕೆ ಈಗ ಉತ್ತರ ಬರೆಯಬಲ್ಲೆ. ಇಲ್ಲ ಹಾಯ್ಟ್, ನಾನು ಬೇಕೆಂದು ಗುದ್ದಲಿಲ್ಲ.

ಓಡೆಲ್